ಓದುಗರ ಪ್ರಶ್ನೆ, ನಮ್ಮ ಉತ್ತರ: ಅಣ್ಣಾವ್ರ ಅಪಹರಣ, ಇನ್ನೂ ಮುಗಿಯದ ಅನುಮಾನಗಳು

ಹೋದ ಸಂಚಿಕೆಯಲ್ಲಿ, ಕಾಡುಗಳ್ಳ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಗಾಜನೂರಿನಿಂದ ಎತ್ತಾಕೊಂಡು ಹೋದ ಬಗ್ಗೆ ಒಬ್ರು ಕೇಳಿದ್ದ ಪ್ರಶ್ನೆಗೆ ನಾಲ್ಕೇ ಸಾಲಿನ ಉತ್ತರ ಕೊಟ್ಟಿದ್ವಿ. ಅದನ್ನ ಓದಿದವರಿಂದ ಪತ್ರದ ಮೇಲೆ ಪತ್ರ ಬಂದಿದೆ, ವಾಟ್ಸಾಪ್‌ನಲ್ಲಂತೂ ಕೇಳೋದೇ ಬೇಡ. ಸಿಟ್ಟಲ್ಲಿ ಬರೆದವರಿದ್ದಾರೆ, ಕಣ್ಣೀರಿಟ್ಟು ಬರೆದವರಿದ್ದಾರೆ, "ಸತ್ಯ ಹೇಳೋ ಧೈರ್ಯ ಇದ್ಯಾ" ಅಂತ ಸವಾಲು ಹಾಕಿದವರೂ ಇದ್ದಾರೆ. ಅದಕ್ಕೆ ಈ ಸಲದ ಪುಟ ಪೂರ್ತಿ ಇದಕ್ಕೇ ಬಿಟ್ಟಿದೀವಿ.

ಪ್ರಶ್ನೆ: ನಮ್ಮ ಮಗ ಹುಟ್ಟಿದ್ದು ಆ ಘಟನೆ ಆಗಿ ಎಷ್ಟೋ ವರ್ಷ ಆದ್ಮೇಲೆ. ಯೂಟ್ಯೂಬ್‌ನಲ್ಲಿ ಏನೇನೋ ನೋಡಿ ಬಂದು ನನ್ನ ಕೇಳ್ತಾನೆ, ನನಗೂ ಇಸವಿ ತಾರೀಕು ಎಲ್ಲ ಕಲಸುಮೇಲೋಗರ ಆಗಿದೆ. ನಡೆದಿದ್ದನ್ನ ಮೊದಲು ಸರಿಯಾಗಿ ಹೇಳಿ. (ತುಮಕೂರು)

ಉತ್ತರ: ಅಮ್ಮಾ, ಅದು 2000ದ ಜುಲೈ 30, ಭಾನುವಾರ ರಾತ್ರಿ. ಜಾಗ ದೊಡ್ಡ ಗಾಜನೂರು, ತಾಳವಾಡಿ ಹತ್ರ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು, ಆದ್ರೆ ಊರಿನ ಮಾತು ಕನ್ನಡ. ವೀರಪ್ಪನ್ ಬಂದೂಕು ಹಿಡಿದ ಗುಂಪಿನ ಜೊತೆ ಮನೆಗೇ ನುಗ್ಗಿ ಡಾ. ರಾಜ್‌ಕುಮಾರ್ ಅವರನ್ನ ಕರ್ಕೊಂಡು ಹೋದ. ಜೊತೆಗೆ ಅಳಿಯ ಗೋವಿಂದರಾಜ್, ಸಂಬಂಧಿ ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ. ಅಣ್ಣಾವ್ರಿಗೆ ಆಗ 71 ವರ್ಷ, ಮಂಡಿನೋವು ಬೇರೆ. ಹೋಗೋವಾಗ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟು ಇದನ್ನ ಮುಖ್ಯಮಂತ್ರಿಗೆ ತಲುಪಿಸಿ ಅಂದ, ಆ ತಾಯಿ ರಾತ್ರೋರಾತ್ರಿ ಕಾರಲ್ಲಿ ಬೆಂಗಳೂರಿಗೆ ಬಂದು ಎಸ್.ಎಂ. ಕೃಷ್ಣ ಅವರಿಗೆ ಅದನ್ನ ಕೊಟ್ರು. ಬೆಳಿಗ್ಗೆ ಅಷ್ಟೊತ್ತಿಗೆ ಬೆಂಗಳೂರು ಬಂದ್. ಕೃಷ್ಣ ಚೆನ್ನೈಗೆ ಹೋಗಿ ಕರುಣಾನಿಧಿ ಅವರನ್ನ ನೋಡಿದ್ರು, ನಕ್ಕೀರನ್ ಪತ್ರಿಕೆಯ ಸಂಪಾದಕ ಆರ್.ಆರ್. ಗೋಪಾಲ್ ಸಂಧಾನಕ್ಕೆ ಕಾಡಿಗೆ ಹೋದ್ರು, ಆಮೇಲೆ ತಮಿಳು ರಾಷ್ಟ್ರವಾದಿ ನಾಯಕ ನೆಡುಮಾರನ್ ಮುಂತಾದವರು ಸೇರ್ಕೊಂಡ್ರು. ಸೆಪ್ಟೆಂಬರ್ ಕೊನೇಲಿ ನಾಗಪ್ಪ ತಪ್ಪಿಸ್ಕೊಂಡು ಬಂದ್ರು, ಅಕ್ಟೋಬರ್ ಮಧ್ಯದಲ್ಲಿ ಗೋವಿಂದರಾಜ್ ಬಿಡುಗಡೆ ಆಯ್ತು, ನವೆಂಬರ್ 15ಕ್ಕೆ ಅಣ್ಣಾವ್ರು ಹೊರಗೆ ಬಂದ್ರು. ಒಟ್ಟು 108 ದಿನ. ಮಗನಿಗೆ ಇಷ್ಟು ಹೇಳಿ ಸಾಕು, ಈ ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ.

ಪ್ರಶ್ನೆ: ಸಾರ್, ಇದೆಲ್ಲ ನಾಟಕ ಅಂತ ನಮ್ಮ ಆಫೀಸಲ್ಲಿ ಓಪನ್ನಾಗೇ ಮಾತಾಡ್ತಾರೆ. ಪೊಲೀಸರು ಮೊದಲೇ ಎಚ್ಚರಿಕೆ ಕೊಟ್ಟಿದ್ರೂ ಅಲ್ಲಿಗೆ ಯಾಕೆ ಹೋದ್ರು, ರಾಜ್‌ಕುಮಾರ್ ವಾಪಸ್ ಬಂದು ವೀರಪ್ಪನ್ ಬಗ್ಗೆ ಒಂದು ಕೆಟ್ಟ ಮಾತೂ ಯಾಕೆ ಆಡ್ಲಿಲ್ಲ ಅಂತ ಕೇಳ್ತಾರೆ. ನನಗೆ ಉತ್ತರ ಕೊಡಕ್ಕಾಗಲ್ಲ. (ರಾಜಾಜಿನಗರ, ಬೆಂಗಳೂರು)

ಉತ್ತರ: ಇದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಈ "ನಾಟಕ" ಅನ್ನೋ ಮಾತು ನನಗೆ ನಿಜವಾಗ್ಲೂ ನೋವು ಕೊಡತ್ತೆ.

ಮೊದಲನೇದು, ಅಲ್ಲಿಗೆ ಯಾಕೆ ಹೋದ್ರು ಅನ್ನೋದು. ಅದು ಅವರ ಊರು ಸ್ವಾಮಿ. ಹುಟ್ಟಿ ಬೆಳೆದ ನೆಲ, ಜಮೀನು, ಬಂಧುಬಳಗ, ಗೊತ್ತಿರೋ ಮರ ಗಿಡ ಎಲ್ಲ ಇರೋ ಜಾಗ. ಮದ್ರಾಸಲ್ಲಿ ಇದ್ದಾಗ್ಲೂ ಬೆಂಗಳೂರಲ್ಲಿ ಇದ್ದಾಗ್ಲೂ ಅವರ ಬಾಯಲ್ಲಿ ಗಾಜನೂರು ಇದ್ದೇ ಇರ್ತಿತ್ತು. ಅಪಾಯ ಇದೆ ಅಂತ ಹೇಳಿದ್ವಿ ಅಂತ ಪೊಲೀಸರು ಆಮೇಲೆ ಹೇಳಿದ್ದು ನಿಜ, ಬಂದಿದ್ದನ್ನ ನಮಗೆ ತಿಳಿಸ್ಲಿಲ್ಲ ಅಂತ ಹೇಳಿದ್ದೂ ನಿಜ. ಆದ್ರೆ ಇದನ್ನ ತಿರುಗಿಸಿ ನೋಡಿ. ಅಪಾಯ ಇದೆ ಅಂತ ಎರಡು ರಾಜ್ಯದ ಪೊಲೀಸರಿಗೂ ಗೊತ್ತಿತ್ತು ಅಂತಾದ್ರೆ, ಕಾಡಂಚಿನ ಆ ಮನೆಗೆ ಕಾವಲು ಹಾಕೋ ಜವಾಬ್ದಾರಿ ಯಾರದ್ದು? ತನ್ನ ಊರಿಗೆ ಹೋದ ಎಪ್ಪತ್ತು ದಾಟಿದ ಮನುಷ್ಯನದ್ದಾ? ಇಡೀ ಕನ್ನಡನಾಡು ಗುರುತು ಹಿಡಿಯೋ ಮುಖ ಅದು, ಅವರು ಊರಿಗೆ ಬಂದಿರೋದು ಸುತ್ತ ಹತ್ತು ಹಳ್ಳಿಗೆ ಗೊತ್ತಾಗಿ ಕಾಡೊಳಗಿನ ವೀರಪ್ಪನ್‌ಗೂ ತಲುಪಿದೆ, ಪೊಲೀಸರಿಗೆ ಮಾತ್ರ ತಲುಪ್ಲಿಲ್ಲ ಅಂದ್ರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ.

ಎರಡನೇದು, ಕೆಟ್ಟ ಮಾತು ಆಡ್ಲಿಲ್ಲ ಅನ್ನೋದು. ಅವರು ಹೊರಗೆ ಬಂದ ಆ ದಿನ ವೀರಪ್ಪನ್ ಇನ್ನೂ ಬದುಕಿದ್ದ, ಬಂದೂಕು ಅವನ ಕೈಯಲ್ಲೇ ಇತ್ತು, ಗಾಜನೂರಿನಲ್ಲಿ ಅವರ ಜನ ಇನ್ನೂ ವಾಸ ಮಾಡ್ತಿದ್ರು. ಇಷ್ಟಿದ್ದೂ ಆ ದಿನ ಅವನನ್ನ ಬೈದು ಮಾತಾಡೋದು ಊರಲ್ಲಿರೋ ತಮ್ಮವರನ್ನ ಅಪಾಯಕ್ಕೆ ಒಡ್ಡಿದಂಗೆ ಅಂತ ಅವರಿಗೆ ಅನ್ಸಿರಲ್ವಾ? ಅದೂ ಅಲ್ದೆ 108 ದಿನ ಒಂದೇ ಟಾರ್ಪಾಲಿನ ಕೆಳಗೆ ಮಳೆಯಲ್ಲಿ ನೆನೆದು, ಒಂದೇ ಪಾತ್ರೆಯ ಅನ್ನ ತಿಂದು, ದಿನಾ ಜಾಗ ಬದಲಾಯಿಸ್ತಾ ನಡೆದ ಮನುಷ್ಯನಿಗೆ ಸೆರೆ ಹಿಡಿದವನ ಬಗ್ಗೆ ಏನನ್ಸತ್ತೆ ಅನ್ನೋದು ಎಸಿ ರೂಮಲ್ಲಿ ಕೂತು ತೀರ್ಮಾನ ಮಾಡೋ ವಿಷ್ಯ ಅಲ್ಲ. ಅಣ್ಣಾವ್ರ ಸ್ವಭಾವ ಎಂಥದ್ದು ಅಂತ ನಮಗೆಲ್ಲ ಗೊತ್ತು, ಅಭಿಮಾನಿಗಳನ್ನ ದೇವರು ಅಂದವರು ಅವರು, ಯಾರಿಗೂ ಕೇಡು ಬಯಸಿ ಮಾತಾಡಿದವರಲ್ಲ. ಒಂದು ಕೆಟ್ಟ ಮಾತು ಬರ್ಲಿಲ್ಲ ಅನ್ನೋದನ್ನೇ ಸಾಕ್ಷಿ ಮಾಡ್ಕೊಂಡು ನಾಟಕ ಅಂತ ಷರಾ ಬರೆಯೋದು ನ್ಯಾಯ ಅಲ್ಲ.

ವೀರಪ್ಪನ್‌ಗೆ ಇದು ಮೊದಲನೇ ಅಪಹರಣವೂ ಅಲ್ಲ. 1997ರ ಜುಲೈನಲ್ಲಿ ಬುರುಡೆ ಅನ್ನೋ ಕಾಡಲ್ಲಿ ಅರಣ್ಯ ಇಲಾಖೆ ಸಿಬ್ಬಂದಿಯನ್ನ ಹಿಡ್ಕೊಂಡು ಹೋಗಿದ್ದ, ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂಡೀಪುರದಿಂದ ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಸೇನಾನಿಯವರನ್ನ ಎರಡು ವಾರ ಇಟ್ಕೊಂಡಿದ್ದ. ಆಗ ಯಾರೂ ನಾಟಕ ಅಂದಿರ್ಲಿಲ್ಲ.

ಪ್ರಶ್ನೆ: ದುಡ್ಡು ಕೊಟ್ರಾ ಇಲ್ವಾ? ಸುತ್ತಿ ಬಳಸಿ ಹೇಳ್ಬೇಡಿ. (ಹುಬ್ಬಳ್ಳಿ)

ಉತ್ತರ: ಆಗ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದ ಸಿ. ದಿನಕರ್ ಅವರು ನಿವೃತ್ತಿ ಆದ್ಮೇಲೆ ಪುಸ್ತಕ ಬರೆದು ಕೋಟಿಗಟ್ಲೆ ಹಣ ಹೋಗಿದೆ ಅಂತ ಆರೋಪ ಮಾಡಿದ್ರು. ಎಸ್.ಎಂ. ಕೃಷ್ಣ ಅವರು ಸರ್ಕಾರ ಹಣ ಕೊಟ್ಟಿಲ್ಲ ಅಂತ ನಿರಾಕರಿಸಿದ್ರು. ಯಾವ ಕೋರ್ಟಲ್ಲೂ ಹಣ ಸಂದಾಯ ಆಗಿದೆ ಅಂತ ಸಾಬೀತಾಗಿಲ್ಲ. ನೇರ ಉತ್ತರ ಇದು.

ಆದ್ರೆ ಜನಕ್ಕೆ ಈ ಅನುಮಾನ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡ್ಬೇಕು, ಅದು ಸುಮ್ನೆ ಹುಟ್ಟಿದ್ದಲ್ಲ. ವೀರಪ್ಪನ್ ಬೇಡಿಕೆ ಪಟ್ಟಿಯಲ್ಲಿ ಏನಿತ್ತು ನೆನಪು ಮಾಡ್ಕೊಳ್ಳಿ. ಕಾವೇರಿ ನೀರು ಬಿಡಬೇಕು, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಕೊಡಬೇಕು, ಬೆಂಗಳೂರಲ್ಲಿ ತಿರುವಳ್ಳುವರ್ ಪ್ರತಿಮೆ ತೆರೀಬೇಕು, ಕರ್ನಾಟಕದಲ್ಲಿ ತಮಿಳನ್ನ ಎರಡನೇ ಆಡಳಿತ ಭಾಷೆ ಮಾಡ್ಬೇಕು, ನೀಲಗಿರಿಯ ಚಹಾ ಸೊಪ್ಪಿಗೆ ಬೆಲೆ ಕಟ್ಟಬೇಕು, ಮಾಂಜೋಲೈ ತೋಟದ ಕೂಲಿಗಳಿಗೆ ಕೂಲಿ ಹೆಚ್ಚಿಸಬೇಕು, ಟಾಡಾ ಅನ್ನೋ ಭಯೋತ್ಪಾದನೆ ತಡೆ ಕಾಯ್ದೆಯಲ್ಲಿ ಮೈಸೂರು ಜೈಲು ಸೇರಿರೋ ಕೈದಿಗಳನ್ನ ಬಿಡಬೇಕು, ತಮಿಳುನಾಡಿನ ಜೈಲಿನಲ್ಲಿರೋ ಐದು ಜನ ತಮಿಳು ಉಗ್ರರನ್ನ ಬಿಡಬೇಕು. ಇದರಲ್ಲಿ ಎರಡೂ ಸರ್ಕಾರ ನಿಜವಾಗ್ಲೂ ಕೊಡೋಕೆ ಹೊರಟಿದ್ದು ಕೈದಿಗಳ ಬಿಡುಗಡೆ. ಅದನ್ನ ಸುಪ್ರೀಂ ಕೋರ್ಟ್ ಮೊದಲು ತಡೀತು, ಆಮೇಲೆ ನವೆಂಬರ್ 7ಕ್ಕೆ ಪೂರ್ತಿ ರದ್ದು ಮಾಡ್ತು. ಅಲ್ಲಿಂದ ಎಂಟೇ ದಿನಕ್ಕೆ, ನವೆಂಬರ್ 15ಕ್ಕೆ, ಅಣ್ಣಾವ್ರ ಬಿಡುಗಡೆ. ಕೇಳಿದ ಕೈದಿಗಳು ಸಿಗ್ಲಿಲ್ಲ, ಕಾವೇರಿ ಸಿಗ್ಲಿಲ್ಲ, ಭಾಷೆ ಸಿಗ್ಲಿಲ್ಲ, ಹಂಗಾದ್ರೆ ಬಿಟ್ಟಿದ್ದು ಯಾಕೆ?

ಈ ಪ್ರಶ್ನೆ ಕೇಳೋದ್ರಲ್ಲಿ ಯಾವ ತಪ್ಪೂ ಇಲ್ಲ, ನಾನೂ ಕೇಳ್ತೀನಿ. ನೆಡುಮಾರನ್ ತಂಡ ಮನವೊಲಿಸ್ತು ಅಂತ ಒಂದು ಮಾತಿದೆ, ವಯಸ್ಸಾದವರಿಗೆ ಕಾಡಲ್ಲಿ ಏನಾದ್ರೂ ಆದ್ರೆ ತನಗೇ ಕೆಟ್ಟದ್ದು ಅಂತ ಅವನಿಗೆ ಭಯ ಬಂತು ಅಂತ ಇನ್ನೊಂದು ಮಾತಿದೆ, ಕೋರ್ಟ್ ತೀರ್ಪು ಬಂದ್ಮೇಲೆ ಇನ್ನು ಕೈದಿಗಳು ಬರಲ್ಲ ಅಂತ ಗೊತ್ತಾಯ್ತು ಅನ್ನೋರೂ ಇದ್ದಾರೆ, ದುಡ್ಡು ಅನ್ನೋರು ಇದ್ದೇ ಇದ್ದಾರೆ. ಆ ಎಂಟು ದಿನದಲ್ಲಿ ಏನೇನು ಮಾತುಕತೆ ಆಯ್ತು, ಯಾರ ಮೂಲಕ ಆಯ್ತು ಅನ್ನೋದನ್ನ ಎರಡು ಸರ್ಕಾರಗಳೂ ಜನರ ಮುಂದೆ ದಾಖಲೆ ಸಮೇತ ಇಟ್ಟಿಲ್ಲ. ಬಾಯಿಮಾತಿನ ನಿರಾಕರಣೆ ಬಂತು, ಕಾಗದ ಬರ್ಲಿಲ್ಲ. ಅನುಮಾನಕ್ಕೆ ನೀರು ಗೊಬ್ಬರ ಹಾಕಿದ್ದು ಆ ಮೌನ. ಅದರ ಲೆಕ್ಕ ಕೇಳಬೇಕಾದ್ದು ವಿಧಾನಸೌಧದಲ್ಲಿ, ತಮಿಳುನಾಡು ಸರ್ಕಾರ ಕೂರೋ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯಲ್ಲಿ, ಸದಾಶಿವನಗರದ ಅಣ್ಣಾವ್ರ ಮನೆ ಬಾಗಿಲಲ್ಲಿ ಅಲ್ಲ.

ಪ್ರಶ್ನೆ: ದುಡ್ಡು ಕೇಳದೆ ಬರೀ ಕಾವೇರಿ, ಭಾಷೆ ಅಂತ ಕೇಳಿದ್ರೆ ಅದು ಕಾನೂನಲ್ಲಿ ಒತ್ತೆ ಅಪಹರಣ ಆಗತ್ತಾ? ಕಾಲೇಜಲ್ಲಿ ವಾದ ಆಯ್ತು. (ಧಾರವಾಡ)

ಉತ್ತರ: ಆಗತ್ತೆ. ಆಗಿನ ಭಾರತೀಯ ದಂಡ ಸಂಹಿತೆಯ, ಅಂದ್ರೆ ಐಪಿಸಿಯ, 364ಎ ಕಲಮು 1993ರಲ್ಲಿ ಸೇರಿಸಿದ್ದು. ಕೊಲ್ತೀನಿ ಅಂತ ಬೆದರಿಸಿ ಸರ್ಕಾರವನ್ನಾಗ್ಲಿ ಬೇರೆ ಯಾರನ್ನಾಗ್ಲಿ ಏನಾದ್ರೂ ಮಾಡೋಕೆ ಅಥವಾ ಮಾಡದೇ ಇರೋಕೆ ಬಲವಂತ ಮಾಡಿದ್ರೂ ಸಾಕು, ಹಣ ಕೇಳಲೇಬೇಕು ಅಂತಿಲ್ಲ. ಶಿಕ್ಷೆ ಜೀವಾವಧಿ ಅಥವಾ ಮರಣದಂಡನೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 140(2).

ಪ್ರಶ್ನೆ: ಅಣ್ಣಾವ್ರು ಕಾಡಲ್ಲಿ ಒದ್ದಾಡ್ತಿರೋವಾಗ ಅವರ ಬಿಡುಗಡೆಗೆ ಅಡ್ಡ ಹಾಕೋ ಥರ ಕೋರ್ಟಿಗೆ ಹೋದ್ರಲ್ಲ, ಅವರಿಗೆ ಮನಸ್ಸಾದ್ರೂ ಹೇಗೆ ಬಂತು? ಅಭಿಮಾನಿಯಾಗಿ ನನಗೆ ಇವತ್ತಿಗೂ ಕ್ಷಮಿಸೋಕೆ ಆಗ್ತಿಲ್ಲ. (ಮಂಡ್ಯ)

ಉತ್ತರ: ತಮ್ಮಾ, ನಿಮ್ಮ ಪ್ರೀತಿ ನನಗೆ ಅರ್ಥ ಆಗತ್ತೆ. ಆದ್ರೆ ಕೋರ್ಟಿಗೆ ಹೋದವರು ಯಾರು ಅಂತ ಒಂದ್ಸಲ ಕೇಳಿ. ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್. 1992ರ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಮೀಣ್ಯಂ ಹತ್ರ ವೀರಪ್ಪನ್ ಗ್ಯಾಂಗ್ ಹೊಂಚು ಹಾಕಿ ಎಸ್ಪಿ ಹರಿಕೃಷ್ಣ ಅವರನ್ನೂ ಶಕೀಲ್ ಅವರನ್ನೂ ಜೊತೆಗಿದ್ದ ಸಿಬ್ಬಂದಿಯನ್ನೂ ಕೊಂದು ಹಾಕ್ತು. ಎಂಟು ವರ್ಷ ಆದ್ಮೇಲೆ ಸರ್ಕಾರ ಆ ಗ್ಯಾಂಗಿನ ಕೇಸುಗಳಲ್ಲಿ ಒಳಗಿದ್ದವರ ಮೇಲಿನ ಟಾಡಾ ಆರೋಪ ವಾಪಸ್ ತಗೋತೀನಿ ಅಂದಾಗ ಮಗನನ್ನ ಕಳ್ಕೊಂಡ ಅಪ್ಪ ಸುಮ್ನಿರಬೇಕಿತ್ತಾ?

ಆ ದಿನಗಳಲ್ಲಿ ಬೆಂಗಳೂರಲ್ಲಿ ನಿಂತು ಈ ಮಾತಾಡೋಕೆ ಎಂಥಾ ಗುಂಡಿಗೆ ಬೇಕಿತ್ತು ಅಂತ ಆಗ ಊರು ನೋಡಿದವರಿಗೆ ಗೊತ್ತು. ಥಿಯೇಟರ್ ಮುಚ್ಚಿದ್ವು, ಸ್ಕೂಲು ಮುಚ್ಚಿದ್ವು, ಚಿತ್ರೋದ್ಯಮ ಪೂರ್ತಿ ಕೆಲಸ ನಿಲ್ಸಿತ್ತು, ಕೇಬಲ್‌ನಲ್ಲಿ ತಮಿಳು ಚಾನೆಲ್ ಬರ್ತಿರ್ಲಿಲ್ಲ, ಗಲ್ಲಿ ಗಲ್ಲಿಯಲ್ಲಿ ಪೂಜೆ ಹರಕೆ. ಕರೀಂ ಸಾಹೇಬ್ರು ಬೀದಿಗಿಳಿದು ಕೂಗ್ಲಿಲ್ಲ, ಯಾರನ್ನೂ ಬೈಲಿಲ್ಲ, ಅಣ್ಣಾವ್ರ ಬಗ್ಗೆ ಅಪಪ್ರಚಾರ ಮಾಡ್ಲಿಲ್ಲ. ಅರ್ಜಿ ಬರೆದು ಸುಪ್ರೀಂ ಕೋರ್ಟಿಗೆ ಕೊಟ್ರು, ಅಷ್ಟೇ. ಅವರ ಪ್ರಶ್ನೆ ಇದ್ದಿದ್ದು ಸರ್ಕಾರಕ್ಕೆ.

ಕೋರ್ಟ್ ಏನು ಹೇಳ್ತು ಅನ್ನೋದೂ ಮುಖ್ಯ. ಕೇಸ್ ವಾಪಸ್ ತಗೊಳ್ಳೋದು ಆಗ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿ 321ರ ಕೆಳಗೆ ಬರ್ತಿತ್ತು. ಅದರಲ್ಲಿ ಸರ್ಕಾರ ಹೇಳ್ತು ಅಂತ ಪಬ್ಲಿಕ್ ಪ್ರಾಸಿಕ್ಯೂಟರ್ ಸಹಿ ಹಾಕೋ ಹಾಗಿಲ್ಲ, ಇದು ಸಾರ್ವಜನಿಕ ಹಿತಕ್ಕೆ ಒಳ್ಳೇದಾ ಅಂತ ಅವರೇ ಸ್ವತಂತ್ರವಾಗಿ ಯೋಚನೆ ಮಾಡ್ಬೇಕು, ಆಮೇಲೆ ನ್ಯಾಯಾಧೀಶರು ಅದನ್ನ ಪರಿಶೀಲಿಸಿ ಒಪ್ಪಬೇಕು. ಇಲ್ಲಿ ಅದ್ಯಾವುದೂ ಆಗಿಲ್ಲ, ಸರ್ಕಾರ ಗಾಬರಿಯಲ್ಲಿ ತಲೆಬಾಗಿದೆ, ಈ ಜನ ಹೊರಗೆ ಹೋದ್ರೆ ಮುಂದೆ ಏನಾಗಬಹುದು ಅಂತ ಯಾರೂ ಲೆಕ್ಕ ಹಾಕಿಲ್ಲ ಅನ್ನೋದು ನ್ಯಾಯಮೂರ್ತಿ ಭರೂಚ, ಮೊಹಾಪಾತ್ರ, ಸಭರ್ವಾಲ್ ಅವರ ಪೀಠದ ತೀರ್ಪಿನ ತಿರುಳು. ಹಾಗೆ ಹೇಳಿ ಎಂಟು ದಿನಕ್ಕೆ ಅಣ್ಣಾವ್ರು ಕ್ಷೇಮವಾಗಿ ಮನೆಗೆ ಬಂದ್ರು. ಅಂದ್ಮೇಲೆ ಕರೀಂ ಅವರ ಅರ್ಜಿಯಿಂದ ಅಣ್ಣಾವ್ರಿಗೆ ಕೇಡಾಯ್ತು ಅನ್ನೋಕೆ ಆಧಾರ ಎಲ್ಲಿದೆ?

ಒಬ್ಬ ಅಪ್ಪನಿಗೆ ಮಗ, ಒಂದು ನಾಡಿಗೆ ಅಣ್ಣಾವ್ರು. ಇಬ್ಬರ ನೋವೂ ದೊಡ್ಡದೇ, ನೀವು ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಹೊಡೀಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ.

ಪ್ರಶ್ನೆ: ಆ ಟಾಡಾ ಕೈದಿಗಳೆಲ್ಲ ವೀರಪ್ಪನ್ ಗ್ಯಾಂಗಿನವರೇನಾ? ನಮ್ಮ ಕಡೆ ಹಳ್ಳಿಗಳಲ್ಲಿ ಬೇರೆ ಥರ ಮಾತಾಡ್ತಾರೆ. (ಹನೂರು)

ಉತ್ತರ: ನಿಮ್ಮ ಕಡೆ ಮಾತಾಡೋದ್ರಲ್ಲಿ ಸತ್ಯ ಇದೆ, ಮತ್ತು ಈ ಕಥೆಯಲ್ಲಿ ಯಾರೂ ಕೇಳದೇ ಹೋದ ದನಿ ಅದು. 2001ರಲ್ಲಿ ಮೈಸೂರಿನ ಟಾಡಾ ಕೋರ್ಟ್ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆ ಆದ್ರು, ಅದೂ ವರ್ಷಗಟ್ಲೆ ಜೈಲಲ್ಲಿ ಕೊಳೆತ ಮೇಲೆ. ಶಿಕ್ಷೆ ಆದ ಕೆಲವರಲ್ಲಿ ನಾಲ್ಕು ಜನಕ್ಕೆ, 1993ರ ಏಪ್ರಿಲ್‌ನಲ್ಲಿ 22 ಜನ ಸತ್ತ ಪಾಲಾರ್ ನೆಲಬಾಂಬ್ ಸ್ಫೋಟದ ಕೇಸಲ್ಲಿ, ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆ ಕೊಡ್ತು, 2014ರಲ್ಲಿ ಅದು ಜೀವಾವಧಿಗೆ ಇಳೀತು. ಇನ್ನು ಕಾಡಂಚಿನ ಹಳ್ಳಿಗಳಲ್ಲಿ, ವೀರಪ್ಪನ್ ಹಿಡಿಯೋಕೆ ಮಾಡಿದ್ದ ಎರಡೂ ರಾಜ್ಯದ ಪೊಲೀಸ್ ಕಾರ್ಯಪಡೆಯವರು ಜನರನ್ನ ಹಿಡ್ಕೊಂಡು ಹೋಗಿ ಹಿಂಸೆ ಕೊಟ್ರು ಅನ್ನೋ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿ ಮಾಡಿತ್ತು, ಅದಕ್ಕೆ ಕೋರ್ಟಲ್ಲಿ ತಡೆ ಬಿದ್ದಿತ್ತು, ಆ ತಡೆ ತೆಗೆಸಬೇಕು ಅನ್ನೋದೂ ವೀರಪ್ಪನ್ ಪಟ್ಟಿಯಲ್ಲಿತ್ತು. ಕೊನೆಗೆ 2007ರಲ್ಲಿ ಆಯೋಗ 89 ಜನಕ್ಕೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಹೇಳ್ತು.

ನೂರಕ್ಕೂ ಹೆಚ್ಚು ಜನರನ್ನ ಕೊಂದವನೊಬ್ಬ ಬಡವರ ಹೆಸರು ಹೇಳಿ ಒತ್ತೆ ಇಟ್ಟ, ಅದರಿಂದ ಆ ಬಡವರಿಗೆ ಆಗಿದ್ದು ನಷ್ಟವೇ. ನಿರಪರಾಧಿಗಳ ಬಿಡುಗಡೆ ಅನ್ನೋ ನ್ಯಾಯವಾದ ಮಾತು ಬಂದೂಕಿನ ಬಾಯಿಂದ ಬಂದಿದ್ದಕ್ಕೆ ಅದನ್ನ ಕೇಳೋರೇ ಇಲ್ಲವಾದ್ರು. ಸರ್ಕಾರಕ್ಕೆ ಅವರು ನಿರಪರಾಧಿಗಳು ಅಂತ ಅನ್ಸಿದ್ರೆ ಅಪಹರಣ ಆಗೋವರೆಗೂ ಯಾಕೆ ಕಾಯ್ಬೇಕಿತ್ತು, ಅನ್ಸಿರ್ಲಿಲ್ಲ ಅಂದ್ರೆ ಅಪಹರಣ ಆದ್ಮೇಲೆ ಯಾಕೆ ಬಿಡೋಕೆ ಹೊರಟ್ರು? ಇದಕ್ಕೆ ಆ ಕಾಲದ ಆಡಳಿತದವರು ಯಾರೂ ನೆಟ್ಟಗೆ ಉತ್ತರ ಕೊಡ್ಲಿಲ್ಲ.

ಪ್ರಶ್ನೆ: ನಾಗಪ್ಪ ತಪ್ಪಿಸ್ಕೊಂಡು ಬಂದ್ರು ಅಂತೀರಿ, ಇನ್ನೊಂದು ಕಡೆ ನಾಗಪ್ಪ ಕಾಡಲ್ಲೇ ಹೆಣವಾಗಿ ಸಿಕ್ರು ಅಂತ ಓದಿದ್ದೆ. ಯಾವುದು ಸರಿ? (ಶಿವಮೊಗ್ಗ)

ಉತ್ತರ: ಎರಡೂ ಸರಿ, ಜನ ಮಾತ್ರ ಬೇರೆ ಬೇರೆ. ಅಣ್ಣಾವ್ರ ಜೊತೆ ಇದ್ದವರು ಸಿನಿಮಾದಲ್ಲಿ ಕೆಲಸ ಮಾಡ್ತಿದ್ದ ನಾಗಪ್ಪ, ಅವರು ರಾತ್ರಿ ಕಾಡಲ್ಲಿ ಓಡಿ ಪಾರಾದ್ರು. ಅವರನ್ನ ವೀರಪ್ಪನ್ನೇ ಬಿಟ್ಟು ಕಳ್ಸಿದ ಅಂತ ಗುಸುಗುಸು ಎದ್ದಿತ್ತು, ಜೀವ ಕೈಯಲ್ಲಿ ಹಿಡ್ಕೊಂಡು ಬಂದವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಇನ್ನೊಬ್ರು ಮಾಜಿ ಸಚಿವ ಎಚ್. ನಾಗಪ್ಪ. 2002ರ ಆಗಸ್ಟ್ 25ರ ರಾತ್ರಿ ಕಾಮಗೆರೆಯ ಅವರ ಮನೆಯಿಂದ ವೀರಪ್ಪನ್ ಎತ್ತಾಕೊಂಡು ಹೋದ, ಡಿಸೆಂಬರ್ 8ಕ್ಕೆ ಚಂಗಡಿ ಕಾಡಲ್ಲಿ ಅವರ ಶವ ಸಿಕ್ತು. ತಮಿಳುನಾಡು ಕಾರ್ಯಪಡೆ ಗುಂಡು ಹಾರಿಸಿದ್ದು ಅಂತ ವೀರಪ್ಪನ್ ಕ್ಯಾಸೆಟ್ ಕಳ್ಸಿದ, ತಮಿಳುನಾಡು ಅಲ್ಲ ಅಂತು. ನನ್ನ ಕೇಳಿದ್ರೆ ಅನುಮಾನ ಪಡಲೇಬೇಕಾದ ಕೇಸು ಅಂದ್ರೆ ಇದು, ಆದ್ರೆ ಇದರ ಬಗ್ಗೆ ನಮ್ಮ ಜನ ಮಾತಾಡೋದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಣ್ಣಾವ್ರಿಗೆ ಸಿಕ್ಕ ಓಡಾಟ, ಸಂಧಾನ, ಮುಖ್ಯಮಂತ್ರಿಗಳ ಭೇಟಿ ಯಾವುದೂ ಅಷ್ಟು ಮಟ್ಟಕ್ಕೆ ನಾಗಪ್ಪನವರಿಗೆ ಸಿಗ್ಲಿಲ್ಲ ಅಂತ ಕೊಳ್ಳೇಗಾಲ ಹನೂರು ಕಡೆಯವರಿಗೆ ಇವತ್ತಿಗೂ ಸಂಕಟ ಇದೆ, ಆ ಸಂಕಟ ನ್ಯಾಯವಾದದ್ದು.

ಪ್ರಶ್ನೆ: ಇದು ತಮಿಳರು ಸೇರಿ ಮಾಡಿದ ಸಂಚು ಅಂತ ನಮ್ಮ ಏರಿಯಾದಲ್ಲಿ ಹಳಬರು ಹೇಳ್ತಾರೆ. ನಮ್ಮ ಪಕ್ಕದ ಮನೆಯವರು ತಮಿಳರು, ಒಳ್ಳೇ ಜನ. ಏನು ಹೇಳ್ಲಿ? (ಶ್ರೀರಾಮಪುರ, ಬೆಂಗಳೂರು)

ಉತ್ತರ: ಪಕ್ಕದ ಮನೆಯವರು ಒಳ್ಳೇ ಜನ ಅಂತಲೇ ಹೇಳಿ. ವೀರಪ್ಪನ್ ಹುಟ್ಟಿದ್ದು ಗೋಪಿನಾಥಂನಲ್ಲಿ, ಅದು ಕರ್ನಾಟಕದ ಊರು. ಅವನ ಕೈಯಲ್ಲಿ ಸತ್ತವರಲ್ಲಿ ತಮಿಳರೂ ಇದ್ದಾರೆ ಕನ್ನಡಿಗರೂ ಇದ್ದಾರೆ. 2000ದ ಹೊತ್ತಿಗೆ ಅವನ ಜೊತೆ ತಮಿಳು ಉಗ್ರ ಸಂಘಟನೆಯ ಕೆಲವರು ಕಾಡಲ್ಲಿ ಸೇರ್ಕೊಂಡಿದ್ರು ಅನ್ನೋದು ನಿಜ, ಆನೆದಂತ ಶ್ರೀಗಂಧ ಅಂತಿದ್ದವನ ಪಟ್ಟಿಯಲ್ಲಿ ಇದ್ದಕ್ಕಿದ್ದ ಹಾಗೆ ಭಾಷೆ, ಪ್ರತಿಮೆ, ಚಹಾ ಸೊಪ್ಪು ಬಂದಿದ್ದು ಅವರ ಪ್ರಭಾವ ಅಂತ ಆಗ್ಲೇ ಎಲ್ರೂ ಬರೆದ್ರು. ಕೆಲವು ಬಂದೂಕುಧಾರಿಗಳು ಮಾಡಿದ್ದನ್ನ ಶ್ರೀರಾಮಪುರದಲ್ಲಿ ಹೂ ಕಟ್ಟೋ ಅಜ್ಜಿ ತಲೆಗೆ ಕಟ್ಟೋದು ಅಧರ್ಮ. ಆ 108 ದಿನ ಬೆಂಗಳೂರಿನ ತಮಿಳರು ಬಾಗಿಲು ಹಾಕ್ಕೊಂಡು ಕೂತಿದ್ರು, ಬಹಳ ಜನ 1991 ನೆನೆಸ್ಕೊಂಡು ಮಕ್ಕಳನ್ನ ಊರಿಗೆ ಕಳ್ಸಿದ್ರು. ಅಣ್ಣಾವ್ರು ಬೇಗ ಬರಲಿ ಅಂತ ಅವರೂ ಮುರುಗನ ಗುಡಿಯಲ್ಲಿ ಪೂಜೆ ಮಾಡಿಸಿದ್ರು ಅನ್ನೋದನ್ನ ಹಳಬರಿಗೆ ನೆನಪು ಮಾಡ್ಸಿ.

ಪ್ರಶ್ನೆ: 2018ರಲ್ಲಿ ಕೋರ್ಟ್ ಎಲ್ರನ್ನೂ ಬಿಡ್ತಂತಲ್ಲ. ರಾಜ್ ಕುಟುಂಬದವರು ಸಾಕ್ಷಿಗೇ ಹೋಗ್ಲಿಲ್ಲ ಅಂದ್ರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ತಾನೆ ಅರ್ಥ? (ಮೈಸೂರು)

ಉತ್ತರ: ಹಾಗೆ ಅರ್ಥ ಅಲ್ಲ ಸಾರ್. ಈರೋಡ್ ಜಿಲ್ಲೆಯ ಗೋಬಿಚೆಟ್ಟಿಪಾಳ್ಯದ ಕೋರ್ಟು 2018ರ ಸೆಪ್ಟೆಂಬರ್ 25ಕ್ಕೆ ತೀರ್ಪು ಕೊಡ್ತು, ಕೇಸಲ್ಲಿ 14 ಆರೋಪಿಗಳಿದ್ರು, ಉಳಿದಿದ್ದ ಒಂಬತ್ತು ಜನರನ್ನ ಸಾಕ್ಷ್ಯ ಇಲ್ಲ ಅಂತ ಬಿಡ್ತು. ಕುಟುಂಬದವರು ಬಂದು ಸಾಕ್ಷಿ ಹೇಳಿಲ್ಲ ಅಂತ ತೀರ್ಪಿನ ವರದಿಗಳಲ್ಲಿ ಬಂತು, ಅದನ್ನೇ ಹಿಡ್ಕೊಂಡು ಟಿವಿಯಲ್ಲಿ ಚರ್ಚೆ ಮಾಡಿದ್ದೂ ಮಾಡಿದ್ದೇ.

ಸ್ವಲ್ಪ ಕಾಲದ ಲೆಕ್ಕ ನೋಡಿ. ಮುಖ್ಯ ಆರೋಪಿ ವೀರಪ್ಪನ್ 2004ರ ಅಕ್ಟೋಬರ್ 18ಕ್ಕೆ ಸತ್ತ, ಅವನ ಬಲಗೈ ಸೇತುಕುಳಿ ಗೋವಿಂದನೂ ಅವತ್ತೇ ಸತ್ತ. ಮುಖ್ಯ ಸಾಕ್ಷಿ ಆಗಬೇಕಿದ್ದ ಅಣ್ಣಾವ್ರು 2006ರ ಏಪ್ರಿಲ್ 12ಕ್ಕೆ ಹೋದ್ರು. ಕ್ಯಾಸೆಟ್ ಕೈಗೆ ತಗೊಂಡ ಪಾರ್ವತಮ್ಮನವರು 2017ರ ಮೇ 31ಕ್ಕೆ ಹೋದ್ರು. ತೀರ್ಪು ಬಂದಿದ್ದು ಹದಿನೆಂಟು ವರ್ಷಕ್ಕೆ. ಸಾಕ್ಷಿಗಳು ಬದುಕಿರೋವಾಗ, ನೆನಪು ಹಸಿಯಾಗಿರೋವಾಗ ವಿಚಾರಣೆ ಮುಗಿಸೋ ಕೆಲಸ ಪೊಲೀಸರದ್ದು ಮತ್ತೆ ಪ್ರಾಸಿಕ್ಯೂಷನ್‌ದು. ಸಾಕ್ಷಿ ಬರ್ಲಿಲ್ಲ ಅಂದ್ರೆ ಸಮನ್ಸ್ ಇದೆ, ಕಮಿಷನ್ ನೇಮಿಸಿ ಮನೆಗೇ ಹೋಗಿ ಹೇಳಿಕೆ ಬರ್ಕೊಳ್ಳೋ ಅವಕಾಶ ಕಾನೂನಲ್ಲೇ ಇದೆ, ವಯಸ್ಸಾದವರಿಗೆ, ಕಾಯಿಲೆ ಇದ್ದವರಿಗೆ ಇರೋದೇ ಅದು. ಇನ್ನೊಂದು ಮಾತು, ಆ ರಾತ್ರಿಯನ್ನ ಇನ್ನೊಂದ್ಸಲ ಕೋರ್ಟಲ್ಲಿ ನಿಂತು ಹೇಳೋಕೆ ಮನಸ್ಸಿಲ್ಲದೇ ಇರೋದು ಅಪರಾಧ ಅಲ್ಲ. ನಮ್ಮ ಮನೆಯಲ್ಲಿ ಕಳ್ಳತನ ಆದ್ರೇನೇ ಸ್ಟೇಷನ್ ಕೋರ್ಟು ಅಲೆದಾಟ ಬೇಡಪ್ಪಾ ಅಂತೀವಿ.

ಖುಲಾಸೆ ಆಯ್ತು ಅಂದ್ರೆ ಅಪಹರಣವೇ ಆಗಿಲ್ಲ ಅಂತಾನೂ ಅಲ್ಲ, ಕೆಲವರು ಹಾಗೇ ಹೇಳ್ಕೊಂಡು ಓಡಾಡ್ತಿದ್ದಾರೆ. ಕಟಕಟೆಯಲ್ಲಿ ನಿಂತಿದ್ದ ಆ ಒಂಬತ್ತು ಜನ ಮಾಡಿದ್ರು ಅಂತ ಸಾಬೀತಾಗ್ಲಿಲ್ಲ, ತೀರ್ಪಿನ ಅರ್ಥ ಅಷ್ಟಕ್ಕೇ ನಿಲ್ಲತ್ತೆ.

ಪ್ರಶ್ನೆ: ವೀರಪ್ಪನ್‌ನ ಮೊದಲೇ ಹಿಡಿದು ಆಮೇಲೆ ಕೊಂದ್ರಂತೆ, ನಿಜವಾ? (ಬಳ್ಳಾರಿ)

ಉತ್ತರ: ಪೊಲೀಸರ ಪ್ರಕಾರ, ಕಣ್ಣಿನ ಚಿಕಿತ್ಸೆಗೆ ಅಂತ ನಂಬಿಸಿ ಅವನನ್ನ ಆಂಬುಲೆನ್ಸ್‌ನಲ್ಲಿ ಕರ್ಕೊಂಡು ಬಂದು ಧರ್ಮಪುರಿ ಹತ್ರ ಪಾಪ್ಪಾರಪಟ್ಟಿಯಲ್ಲಿ ತಡೆದಾಗ ಗುಂಡಿನ ಚಕಮಕಿ ಆಗಿ ಅವನೂ ಜೊತೆಗಿದ್ದ ಮೂವರೂ ಸತ್ರು, ಕಾರ್ಯಾಚರಣೆ ವಿಜಯ್ ಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆಯದು. ಕೆಲವು ಮಾನವ ಹಕ್ಕು ಹೋರಾಟಗಾರರು ಅದನ್ನ ಒಪ್ಪಲ್ಲ. ನನಗೆ ಅವನ ಸಾವಿಗಿಂತ ಅವನ ಜೊತೆ ಹೋದ ಮಾಹಿತಿ ದೊಡ್ಡ ನಷ್ಟ ಅನ್ಸತ್ತೆ. ಇಪ್ಪತ್ತು ವರ್ಷ ಅವನಿಗೆ ಅಕ್ಕಿ ಬೇಳೆ ಯಾರು ಕೊಟ್ರು, ದಂತ ಯಾರು ಕೊಂಡ್ರು, ಯಾವ ದೊಡ್ಡವರು ಕಾಪಾಡಿದ್ರು ಅಂತ ಒಂದು ದಿನ ಕೋರ್ಟಲ್ಲಿ ಕೇಳಿಸ್ಕೋಬೇಕಿತ್ತು.

ಪ್ರಶ್ನೆ: ಇಷ್ಟು ವರ್ಷ ಆಯ್ತು, ಇನ್ನು ಸತ್ಯ ಹೊರಗೆ ಬರೋ ದಾರಿ ಇದ್ಯಾ? "ರಹಸ್ಯ ಬಯಲು" ಅಂತ ದಿನಾ ಒಂದೊಂದು ವಿಡಿಯೋ ಬರ್ತಿದೆ, ನೋಡಿ ನೋಡಿ ಸಾಕಾಗಿದೆ. (ದಾವಣಗೆರೆ)

ಉತ್ತರ: ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮಾಹಿತಿ ಹಕ್ಕು ಕಾಯ್ದೆ ತಗೊಳ್ಳಿ, ಅದರ 8(3)ನೇ ಕಲಮು ಓದಿ. ಇಪ್ಪತ್ತು ವರ್ಷಕ್ಕಿಂತ ಹಳೇ ಘಟನೆ ಆದ್ರೆ, ಕೊಡೋಕಾಗಲ್ಲ ಅಂತ ಹೇಳೋ ಕಾರಣಗಳಲ್ಲಿ ಹೆಚ್ಚಿನವು ಬಿದ್ದು ಹೋಗತ್ವೆ. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಂಪುಟದ ಕಾಗದ ಇಂಥ ಮೂರು ಗುಂಪು ಮಾತ್ರ ಉಳಿಯತ್ತೆ. ಅಣ್ಣಾವ್ರ ಅಪಹರಣಕ್ಕೆ ಆ ಇಪ್ಪತ್ತು ವರ್ಷ 2020ಕ್ಕೇ ತುಂಬಿದೆ.

ಅರ್ಜಿ ಹಾಕೋವಾಗ "ಅಪಹರಣದ ಎಲ್ಲಾ ಮಾಹಿತಿ ಕೊಡಿ" ಅಂತ ಬರೀಬೇಡಿ, ತಿರಸ್ಕಾರ ಆಗತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಶುಲ್ಕ ಹತ್ತು ರೂಪಾಯಿ. ಒಳಾಡಳಿತ ಇಲಾಖೆಗೆ, ಅಂದ್ರೆ ಗೃಹ ಇಲಾಖೆಗೆ, 2000ದ ಜುಲೈ 30ರಿಂದ ನವೆಂಬರ್ 15ರವರೆಗೆ ಕರ್ನಾಟಕ ಮತ್ತೆ ತಮಿಳುನಾಡು ಸರ್ಕಾರಗಳ ನಡುವೆ ಈ ವಿಷಯದಲ್ಲಿ ನಡೆದ ಪತ್ರವ್ಯವಹಾರದ ಪ್ರತಿ ಅಂತ ಒಂದು. ಸಂಧಾನಕಾರರ ಪ್ರಯಾಣ ಮತ್ತೆ ಇತರೆ ಖರ್ಚಿಗೆ ಸರ್ಕಾರ ಕೊಟ್ಟ ಹಣದ ಲೆಕ್ಕ ಅಂತ ಬೇರೆ ಅರ್ಜಿ. ವೀರಪ್ಪನ್ ಕಳ್ಸಿದ ಕ್ಯಾಸೆಟ್‌ಗಳು ಈಗ ಯಾರ ಸುಪರ್ದಿಯಲ್ಲಿವೆ, ಅದರ ಲಿಖಿತ ಪ್ರತಿ ಇದ್ರೆ ಕೊಡಿ ಅಂತ ಮತ್ತೊಂದು. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗ. ಕಡತ ಸಿಕ್ತಿಲ್ಲ ಅಂತ ಬರೆದುಕೊಟ್ರೆ ಬಿಡ್ಬೇಡಿ, ಯಾವಾಗ ನಾಶ ಆಯ್ತು, ಯಾರ ಆದೇಶದ ಮೇಲೆ ಅಂತ ಮತ್ತೆ ಕೇಳಿ.

ನಿಮ್ಮಲ್ಲಿ ಯಾರಾದ್ರೂ ಅರ್ಜಿ ಹಾಕಿದ್ರೆ, ಬಂದ ಉತ್ತರದ ಪ್ರತಿ ನಮಗೆ ಕಳ್ಸಿ. ಕೊಡಲ್ಲ ಅಂತ ಬಂದಿದ್ರೂ ಸರಿ, ಆ ಕಾಗದವನ್ನೇ ಈ ಪುಟದಲ್ಲಿ ಅಚ್ಚು ಹಾಕ್ತೀವಿ.